ಜಠರದ ಕಾವಲುಗಾರರು

ಮಕ್ಕಳೇ, ಶಾಲೆಯಲ್ಲಿ ಕೊಡುವ ಬೇಯಿಸಿದ ಮೊಟ್ಟೆಯನ್ನು ನೀವು ತಿನ್ನುತ್ತೀರಿ. ಕೆಲವು ಗಂಟೆಗಳಲ್ಲಿ ಅದು ಜಠರದಲ್ಲಿ ಕರಗಿ ಗಂಜಿಯಂತಾಗುತ್ತದೆ. ಮಾಂಸ ತಿಂದರೆ ಅದೂ ಕರಗುತ್ತದೆ. ಈಗ ಒಂದು ಪ್ರಶ್ನೆ. ಜಠರ ಯಾವುದರಿಂದ ಆಗಿದೆ? ಅದೂ ಮಾಂಸವೇ ಅಲ್ಲವೆ? ತನ್ನೊಳಗೆ ಬಂದ ಮಾಂಸವನ್ನೆಲ್ಲ ಕರಗಿಸುವ ಜಠರ ತನ್ನನ್ನು ತಾನೇ ಏಕೆ ಕರಗಿಸಿಕೊಳ್ಳುವುದಿಲ್ಲ?

ಈ ಪ್ರಶ್ನೆ ಚಿಕ್ಕದಾಗಿ ಕಂಡರೂ ಇದಕ್ಕೆ ಉತ್ತರ ಹುಡುಕಲು ವಿಜ್ಞಾನಿಗಳಿಗೆ ನೂರಾರು ವರ್ಷಗಳು ಬೇಕಾದವು. ಇಂದಿಗೂ ಪ್ರಯೋಗಾಲಯಗಳಲ್ಲಿ ಹುಡುಕಾಟ ನಡೆದಿದೆ. ನಮ್ಮ ಮೈಸೂರಿನ ಒಂದು ಪ್ರಯೋಗಾಲಯವೂ ಇದರಲ್ಲಿ ಭಾಗವಹಿಸಿದೆ. ಬನ್ನಿ, ಆ ಕಥೆಯನ್ನು ತಿಳಿಯೋಣ.

ಜಠರದೊಳಗೆ ಏನಿದೆ?

ಜಠರದ ಒಳಗೋಡೆಯಲ್ಲಿ ಲಕ್ಷಾಂತರ ಸಣ್ಣ ಸಣ್ಣ ಗ್ರಂಥಿಗಳಿವೆ. ಅವು ಜಠರರಸವನ್ನು ಸುರಿಸುತ್ತವೆ. ದೊಡ್ಡವರ ಜಠರದಲ್ಲಿ ದಿನಕ್ಕೆ ಸುಮಾರು 2 ಲೀಟರಿನಷ್ಟು ರಸ ಉತ್ಪತ್ತಿಯಾಗುತ್ತದೆ. ಇದರಲ್ಲಿ ಎರಡು ಮುಖ್ಯ ವಸ್ತುಗಳಿವೆ. ಒಂದು ಹೈಡ್ರೋಕ್ಲೋರಿಕ್ ಆಮ್ಲ. ಇನ್ನೊಂದು ಪೆಪ್ಸಿನ್ ಎಂಬ ಕಿಣ್ವ. ಆಮ್ಲವು ನಿಂಬೆರಸದಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ತೀಕ್ಷ್ಣ. ಅದು ಆಹಾರದೊಂದಿಗೆ ಒಳಬರುವ ಬಹಳಷ್ಟು ರೋಗಾಣುಗಳನ್ನು ಕೊಲ್ಲುತ್ತದೆ. ಪೆಪ್ಸಿನ್ ಪ್ರೋಟೀನನ್ನು ಕತ್ತರಿಸಿ ತುಂಡು ಮಾಡುತ್ತದೆ.

ಜಠರದಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲವೇ ಎಂದು 1824ರಲ್ಲಿ ಇಂಗ್ಲೆಂಡಿನ ವಿಲಿಯಂ ಪ್ರೌಟ್ ಎಂಬ ವೈದ್ಯರು ತಿಳಿಸಿದರು. ಅದೇ ಕಾಲದಲ್ಲಿ ಅಮೆರಿಕದಲ್ಲಿ ಒಂದು ವಿಚಿತ್ರ ಘಟನೆ ನಡೆಯಿತು. 1822ರ ಜೂನ್ 6ರಂದು ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಆಕಸ್ಮಿಕವಾಗಿ ಬಂದೂಕಿನ ಗುಂಡು ತಗುಲಿತು. ಸೇನೆಯ ವೈದ್ಯ ವಿಲಿಯಂ ಬ್ಯೂಮಾಂಟ್ ಅವನನ್ನು ಉಳಿಸಿದರು. ಆದರೆ ಗಾಯ ಮಾಯ್ದರೂ ಹೊಟ್ಟೆಯ ಎಡಭಾಗದಲ್ಲಿ ಜಠರದವರೆಗೆ ಒಂದು ತೂತು ಹಾಗೆಯೇ ಉಳಿಯಿತು. ಬ್ಯೂಮಾಂಟ್ ಅವರು ಆಹಾರದ ಚೂರುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ತೂತಿನ ಮೂಲಕ ಇಳಿಬಿಟ್ಟರು. ಗಂಟೆಗೊಮ್ಮೆ ಎಳೆದು ಎಷ್ಟು ಕರಗಿದೆ ಎಂದು ನೋಡಿದರು. ಜಠರರಸವನ್ನು ಹೊರತೆಗೆದು ಸೀಸೆಯಲ್ಲಿ ಬೆಚ್ಚಗೆ ಇಟ್ಟಾಗ ಅಲ್ಲಿಯೂ ಮಾಂಸ ಕರಗಿತು! ಸೇಂಟ್ ಮಾರ್ಟಿನ್ ಹೆಚ್ಚು ಮದ್ಯ ಕುಡಿದ ದಿನಗಳಲ್ಲಿ ಜಠರದ ಒಳಗೋಡೆ ಕೆಂಪಾಗಿ ಉರಿಗೊಂಡಿರುವುದನ್ನೂ ಅವರು ಕಣ್ಣಾರೆ ಕಂಡರು. 1833ರಲ್ಲಿ ಇದನ್ನೆಲ್ಲ ಪುಸ್ತಕವಾಗಿ ಪ್ರಕಟಿಸಿದರು.

ಹೊರಗಿನ ಸೀಸೆಯಲ್ಲಿ ಮಾಂಸವನ್ನು ಕರಗಿಸುವ ರಸ, ಒಳಗಿನ ಗೋಡೆಯನ್ನು ಮಾತ್ರ ಮುಟ್ಟುವುದಿಲ್ಲ. ಹಾಗಾದರೆ ಅಲ್ಲಿ ಯಾರೋ ಕಾವಲು ಇರಲೇಬೇಕು, ಅಲ್ಲವೆ?

ಐದು ಕಾವಲುಗಾರರು

ಮೊದಲನೆಯ ಕಾವಲು ಲೋಳೆ. ಬೆಂಡೆಕಾಯಿ ಹೆಚ್ಚಿದಾಗ ಕೈಗೆ ಅಂಟುತ್ತದಲ್ಲ, ಅಂತಹ ಜಿಗುಟಾದ ಪದರ ಜಠರದ ಗೋಡೆಯನ್ನು ಪೂರ್ತಿ ಹೊದ್ದುಕೊಂಡಿದೆ.

ಎರಡನೆಯದು ಬೈಕಾರ್ಬೊನೇಟ್. ಅಡುಗೆ ಸೋಡಾದಲ್ಲಿ ಇರುವುದೂ ಇದೇ. ಜಠರದ ಗೋಡೆ ಇದನ್ನು ಲೋಳೆಯ ಪದರದೊಳಗೆ ಸ್ರವಿಸುತ್ತದೆ. ಲೋಳೆಯೊಳಗೆ ನುಸುಳಿ ಬಂದ ಆಮ್ಲವನ್ನು ಇದು ತಟಸ್ಥಗೊಳಿಸುತ್ತದೆ. ಆದ್ದರಿಂದ ಲೋಳೆಯ ಮೇಲೆ ತೀಕ್ಷ್ಣ ಆಮ್ಲವಿದ್ದರೂ ಅದರ ಕೆಳಗಿನ ಜೀವಕೋಶದ ಬಳಿ ಆಮ್ಲ ಬಹುಮಟ್ಟಿಗೆ ಇರುವುದೇ ಇಲ್ಲ.

ಮೂರನೆಯದು ಹೊಸ ಜೀವಕೋಶಗಳು. ಜಠರದ ಒಳಮೈಯ ಜೀವಕೋಶಗಳು ಕೆಲವೇ ದಿನಗಳಲ್ಲಿ ಸವೆದು ಉದುರುತ್ತವೆ. ಅವುಗಳ ಜಾಗಕ್ಕೆ ಹೊಸವು ಬರುತ್ತವೆ. ಸವೆದ ಹಂಚುಗಳನ್ನು ತೆಗೆದು ಹೊಸ ಹಂಚು ಹೊದಿಸಿದ ಹಾಗೆ.

ನಾಲ್ಕನೆಯದು ರಕ್ತ. ಒಳಗೋಡೆಯ ಸಣ್ಣ ರಕ್ತನಾಳಗಳು ಆಹಾರ ಮತ್ತು ಆಮ್ಲಜನಕವನ್ನು ತರುತ್ತವೆ. ಒಳನುಗ್ಗಿದ ಆಮ್ಲವನ್ನು ಕೊಚ್ಚಿಕೊಂಡು ಹೋಗುತ್ತವೆ.

ಐದನೆಯದು ಪ್ರೊಸ್ಟಗ್ಲಾಂಡಿನ್. ಹೆಸರು ಉದ್ದ, ಕೆಲಸವೂ ದೊಡ್ಡದು. ಇವು ಜೀವಕೋಶಗಳು ತಾವೇ ತಯಾರಿಸುವ ರಾಸಾಯನಿಕಗಳು. ‘ಲೋಳೆ ಹೆಚ್ಚಿಸು, ಬೈಕಾರ್ಬೊನೇಟ್ ಕಳುಹಿಸು, ರಕ್ತ ಹರಿಸು, ಆಮ್ಲ ಕಡಿಮೆ ಮಾಡು’ ಎಂದು ಉಳಿದವರಿಗೆ ಸೂಚನೆ ಕೊಡುವ ಮೇಸ್ತ್ರಿ ಎಂದು ತಿಳಿಯಿರಿ.

ಮಾಡಿ ನೋಡಿ

ಬೇಕಾಗುವ ಸಾಮಗ್ರಿ: ಮೊಟ್ಟೆಯ ಸಿಪ್ಪೆಯ ಎರಡು ಚೂರು, ನಿಂಬೆರಸ, ಎರಡು ಗಾಜಿನ ಲೋಟ, ಸ್ವಲ್ಪ ತುಪ್ಪ.

ವಿಧಾನ: ಎರಡೂ ಚೂರುಗಳು ಒಂದೇ ಅಳತೆಯಲ್ಲಿರಲಿ. ಒಂದಕ್ಕೆ ಎಲ್ಲ ಕಡೆಯೂ ಗಟ್ಟಿಯಾದ ತುಪ್ಪ ಸವರಿ. ಇನ್ನೊಂದನ್ನು ಹಾಗೆಯೇ ಬಿಡಿ. ಎರಡೂ ಲೋಟಗಳಿಗೆ ಒಂದೇ ಪ್ರಮಾಣದ ನಿಂಬೆರಸ ಹಾಕಿ ಒಂದೊಂದು ಚೂರು ಮುಳುಗಿಸಿ. ಹತ್ತು ನಿಮಿಷ ಗಮನಿಸಿ.

ಬರಿಯ ಚೂರಿನಿಂದ ಗುಳ್ಳೆಗಳು ಏಳುತ್ತವೆ. ಆಮ್ಲವು ಸಿಪ್ಪೆಯನ್ನು ಕರಗಿಸುತ್ತಿದೆ. ತುಪ್ಪ ಸವರಿದ ಚೂರಿನಿಂದ ಗುಳ್ಳೆ ಏಳುವುದು ಬಹಳ ಕಡಿಮೆ. ಲೋಳೆಯ ಪದರ ಜಠರಕ್ಕೆ ಮಾಡುವ ಉಪಕಾರ ಇಂಥದೇ.

ಇನ್ನೂ ಒಂದು ಪ್ರಯೋಗ. ಕೆಂಪು ದಾಸವಾಳದ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಸಿ ಬಣ್ಣದ ನೀರು ಮಾಡಿಕೊಳ್ಳಿ. ಬಿಸಿನೀರನ್ನು ದೊಡ್ಡವರೇ ಹಾಕಿಕೊಡಲಿ. ಅದಕ್ಕೆ ನಿಂಬೆರಸ ಬೆರೆಸಿದರೆ ಕಡು ಗುಲಾಬಿಯಾಗುತ್ತದೆ. ಈಗ ಚಿಟಿಕೆ ಚಿಟಿಕೆಯಾಗಿ ಅಡುಗೆ ಸೋಡಾ ಹಾಕಿ. ನೊರೆ ಬರುತ್ತದೆ, ಬಣ್ಣ ಬದಲಾಗುತ್ತಾ ಹೋಗುತ್ತದೆ. ಆಮ್ಲ ತಟಸ್ಥವಾಗುವುದನ್ನು ನೀವು ಕಣ್ಣಿನಿಂದಲೇ ನೋಡಿದಂತಾಯಿತು. (ಇವು ನೋಡುವ ಪ್ರಯೋಗಗಳು. ಯಾವುದನ್ನೂ ಕುಡಿಯಬೇಡಿ.)

ಕಾವಲು ಮುರಿದಾಗ

ಕಾವಲು ದುರ್ಬಲವಾದ ಕಡೆ ಆಮ್ಲ ಮತ್ತು ಪೆಪ್ಸಿನ್ ಗೋಡೆಯನ್ನು ಕೊರೆಯುತ್ತವೆ. ಅಲ್ಲಿ ಗಾಯವಾಗುತ್ತದೆ. ಇದೇ ಜಠರದ ಹುಣ್ಣು. ಸಣ್ಣ ಕರುಳಿನ ಮೊದಲ ಭಾಗದಲ್ಲಿಯೂ ಇಂತಹ ಹುಣ್ಣು ಆಗುವುದುಂಟು. ಇದಕ್ಕೆ ಕಾರಣ ಯಾರು?

ಬಹಳ ಕಾಲ ಎಲ್ಲರೂ ಎರಡು ಹೆಸರು ಹೇಳುತ್ತಿದ್ದರು: ಖಾರ ಮತ್ತು ಚಿಂತೆ. ಆದರೆ ಆಸ್ಟ್ರೇಲಿಯದ ಪರ್ತ್ ನಗರದ ರಾಬಿನ್ ವಾರೆನ್ ಎಂಬ ವೈದ್ಯರು ರೋಗಿಗಳ ಜಠರದ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಸುರುಳಿಯಾಕಾರದ ಬ್ಯಾಕ್ಟೀರಿಯಗಳನ್ನು ಕಂಡರು. ಅಷ್ಟು ಆಮ್ಲದಲ್ಲಿ ಯಾವ ಜೀವಿ ಬದುಕೀತು ಎಂದು ಹಲವರು ನಂಬಲಿಲ್ಲ. ವಾರೆನ್ ಜೊತೆಗೆ ಬ್ಯಾರಿ ಮಾರ್ಷಲ್ ಎಂಬ ಕಿರಿಯ ವೈದ್ಯರು ಸೇರಿದರು. ಆ ಬ್ಯಾಕ್ಟೀರಿಯವನ್ನು ತಟ್ಟೆಗಳಲ್ಲಿ ಬೆಳೆಸಲು ಮತ್ತೆ ಮತ್ತೆ ಪ್ರಯತ್ನಿಸಿದರೂ ಫಲ ಸಿಗಲಿಲ್ಲ. 1982ರ ಏಪ್ರಿಲ್‌ನಲ್ಲಿ ಈಸ್ಟರ್ ರಜೆ ಬಂದದ್ದರಿಂದ ತಟ್ಟೆಗಳು ಎಂದಿಗಿಂತ ಹೆಚ್ಚು ದಿನ ಉಳಿದವು. ರಜೆ ಮುಗಿಸಿ ಬಂದು ನೋಡಿದರೆ ಬ್ಯಾಕ್ಟೀರಿಯ ಬೆಳೆದಿತ್ತು! ಅದು ನಿಧಾನವಾಗಿ ಬೆಳೆಯುವ ಜೀವಿ ಎಂಬುದು ಆಗ ತಿಳಿಯಿತು. ಇಂದು ಅದರ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ.

1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯ ಇದ್ದ ದ್ರವವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ಅವರಿಗೆ ವಾಂತಿಯಾಯಿತು, ಜಠರದ ಗೋಡೆ ಉರಿಯೂತಕ್ಕೆ ಒಳಗಾಯಿತು. ಇಂತಹ ಸಾಹಸವನ್ನು ಯಾರೂ ಅನುಕರಿಸಬಾರದು. ಆದರೆ ಈ ಶೋಧದಿಂದ ವರ್ಷಗಟ್ಟಲೆ ನರಳುತ್ತಿದ್ದ ರೋಗಿಗಳು ಕೆಲವು ವಾರಗಳ ಔಷಧಿಯಿಂದ ಗುಣವಾಗುವಂತಾಯಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು.

ಹುಣ್ಣಿಗೆ ಎರಡನೆಯ ದೊಡ್ಡ ಕಾರಣ ನೋವಿನ ಮಾತ್ರೆಗಳು. 1971ರಲ್ಲಿ ಇಂಗ್ಲೆಂಡಿನ ಜಾನ್ ವೇನ್ ಎಂಬ ವಿಜ್ಞಾನಿ ಇದರ ಗುಟ್ಟು ಬಿಡಿಸಿದರು. ಆಸ್ಪಿರಿನ್‌ನಂತಹ ಮಾತ್ರೆಗಳು ದೇಹದಲ್ಲಿ ಪ್ರೊಸ್ಟಗ್ಲಾಂಡಿನ್ ಉತ್ಪತ್ತಿಯನ್ನು ತಡೆಯುತ್ತವೆ. ಪೆಟ್ಟಾದ ಕಡೆ ನೋವು, ಊತ ತರುವುದರಲ್ಲಿಯೂ ಪ್ರೊಸ್ಟಗ್ಲಾಂಡಿನ್ ಪಾತ್ರವಿದೆ. ಆದ್ದರಿಂದ ನೋವು ಕಡಿಮೆಯಾಗುತ್ತದೆ. ಆದರೆ ಜಠರದ ಮೇಸ್ತ್ರಿಯೂ ಅದೇ ತಾನೆ? ಮಂಡಿಯ ನೋವಿಗೆಂದು ನುಂಗಿದ ಮಾತ್ರೆ ಜಠರದ ಮೇಸ್ತ್ರಿಯ ಬಾಯಿಯನ್ನೂ ಕಟ್ಟುತ್ತದೆ. ಈ ಕೆಲಸಕ್ಕಾಗಿ ವೇನ್ ಅವರಿಗೆ 1982ರಲ್ಲಿ ಇನ್ನಿಬ್ಬರೊಂದಿಗೆ ನೊಬೆಲ್ ಪ್ರಶಸ್ತಿ ದೊರೆಯಿತು.

ಮದ್ಯವೂ ಒಳಗೋಡೆಗೆ ಹಾನಿ ಮಾಡುತ್ತದೆ. ತಂಬಾಕು ಹುಣ್ಣು ಮಾಯುವುದನ್ನು ತಡಮಾಡುತ್ತದೆ.

ಗಾಯವಾಗುವ ಮೊದಲೇ ತಡೆಯಬಹುದೆ?

1979ರಲ್ಲಿ ಅಮೆರಿಕದ ಆಂದ್ರೆ ರಾಬರ್ಟ್ ಮತ್ತು ಸಂಗಡಿಗರು ಒಂದು ಅಚ್ಚರಿಯ ಫಲಿತಾಂಶ ಪ್ರಕಟಿಸಿದರು. ಇಲಿಗಳಿಗೆ ಮೊದಲು ಸ್ವಲ್ಪ ಪ್ರೊಸ್ಟಗ್ಲಾಂಡಿನ್ ಕೊಟ್ಟರು. ಆಮೇಲೆ ಜಠರಕ್ಕೆ ಹಾನಿ ಮಾಡುವ ಮದ್ಯಸಾರ, ತೀಕ್ಷ್ಣ ಆಮ್ಲ, ಕುದಿನೀರು ಮುಂತಾದವನ್ನು ಕೊಟ್ಟರು. ಪ್ರೊಸ್ಟಗ್ಲಾಂಡಿನ್ ಪಡೆಯದ ಇಲಿಗಳ ಜಠರದಲ್ಲಿ ದೊಡ್ಡ ಗಾಯಗಳಾದವು. ಪಡೆದವುಗಳಲ್ಲಿ ಗಾಯ ಬಹಳ ಕಡಿಮೆ. ಆಮ್ಲವನ್ನು ಕಡಿಮೆ ಮಾಡದಷ್ಟು ಚಿಕ್ಕ ಪ್ರಮಾಣವೂ ರಕ್ಷಣೆ ನೀಡಿತು. ಅಂದರೆ ಹುಣ್ಣನ್ನು ತಡೆಯಲು ಶತ್ರುವನ್ನು ಹೊಡೆಯುವುದು ಒಂದು ದಾರಿ, ಕಾವಲನ್ನು ಗಟ್ಟಿಗೊಳಿಸುವುದು ಇನ್ನೊಂದು ದಾರಿ. ಇದನ್ನು ‘ಜೀವಕೋಶ ರಕ್ಷಣೆ’ ಎಂದು ಕರೆದರು. ಮುಂದೆ 1983ರಲ್ಲಿ ಇನ್ನೊಂದು ವಿಷಯ ತಿಳಿಯಿತು. ಜಠರಕ್ಕೆ ಮೊದಲು ಸೌಮ್ಯವಾದ ಕೆರಳಿಕೆ ಕೊಟ್ಟರೆ ಅದು ತಾನೇ ಕಾವಲನ್ನು ಹೆಚ್ಚಿಸಿಕೊಂಡು ಮುಂದಿನ ದೊಡ್ಡ ಪೆಟ್ಟನ್ನು ತಡೆದುಕೊಳ್ಳುತ್ತದೆ.

ಮೈಸೂರಿನ ಪ್ರಯೋಗ

ಈಗ ನಮ್ಮ ಊರಿನ ಕಡೆ ಬರೋಣ. ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾದ ಯಾವ ಪೇಟೆಗೆ ಹೋದರೂ ಒಗ್ಗರಣೆ ಮಂಡಕ್ಕಿ, ಅದರ ಜೊತೆಗೆ ಬಿಸಿ ಬಿಸಿ ಮಿರ್ಚಿ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹದಲ್ಲಿಯೂ ಮಿರ್ಚಿ ಬಡಿಸುತ್ತಾರೆ. ರೊಟ್ಟಿಯ ಜೊತೆ ಕೆಂಪು ಖಾರ ಇಲ್ಲದಿದ್ದರೆ ಊಟ ರುಚಿಸುವುದಿಲ್ಲ. ‘ಖಾರ ತಿಂದರೆ ಹೊಟ್ಟೆ ಹುಣ್ಣಾಗುತ್ತದೆ’ ಎಂಬ ಮಾತನ್ನೂ ನೀವು ಕೇಳಿರುತ್ತೀರಿ. ಇದು ನಿಜವೆ? ಮಾತಿನಿಂದ ತೀರ್ಮಾನವಾಗದು, ಪರೀಕ್ಷಿಸಬೇಕು.

ಮೈಸೂರಿನಲ್ಲಿ 1950ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವಿದೆ. ಜನರು ಇದನ್ನು ಸಿಎಫ್‌ಟಿಆರ್‌ಐ ಎನ್ನುತ್ತಾರೆ. ಅಲ್ಲಿನ ಉಷಾ ಪ್ರಕಾಶ್ ಮತ್ತು ಕೃಷ್ಣಾಪುರ ಶ್ರೀನಿವಾಸನ್ ಅವರು ಇಲಿಗಳನ್ನು ಗುಂಪುಗಳಾಗಿ ಮಾಡಿದರು. ಒಂದು ಗುಂಪಿಗೆ ಮಸಾಲೆ ಇಲ್ಲದ ಆಹಾರ. ಉಳಿದ ಗುಂಪುಗಳಿಗೆ ಅದೇ ಆಹಾರದಲ್ಲಿ ಕರಿಮೆಣಸು, ಕೆಂಪು ಮೆಣಸಿನಕಾಯಿ, ಶುಂಠಿ ಅಥವಾ ಖಾರದ ಮೂಲವಸ್ತುಗಳನ್ನು ಬೆರೆಸಿ 8 ವಾರ ಕೊಟ್ಟರು. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ವಸ್ತು ಕ್ಯಾಪ್ಸೈಸಿನ್. ಕರಿಮೆಣಸಿನದು ಪೈಪರಿನ್. ಮದ್ಯಸಾರದಿಂದ ಆಗುವ ಹಾನಿಯನ್ನು ಈ ಆಹಾರ ತಡೆಯುತ್ತದೆಯೆ ಎಂದೂ ಪರೀಕ್ಷಿಸಿದರು.

ಮಸಾಲೆ ಇಲ್ಲದ ಗುಂಪು ಏಕೆ ಬೇಕು? ಹೋಲಿಸುವುದಕ್ಕಾಗಿ. ನಿಮ್ಮ ಪ್ರಯೋಗದಲ್ಲಿ ತುಪ್ಪ ಸವರದ ಮೊಟ್ಟೆಯ ಸಿಪ್ಪೆ ಏಕೆ ಬೇಕಾಯಿತು ಎಂದು ನೆನಪಿಸಿಕೊಳ್ಳಿ. ಅದಿಲ್ಲದಿದ್ದರೆ ತುಪ್ಪದಿಂದಲೇ ಗುಳ್ಳೆ ಕಡಿಮೆಯಾಯಿತು ಎಂದು ಹೇಳಲು ಆಗುತ್ತಿರಲಿಲ್ಲ. ಪ್ರಯೋಗಾಲಯ ದೊಡ್ಡದಾದರೂ ನಿಯಮ ಇದೇ.

2010ರಲ್ಲಿ ಫಲಿತಾಂಶ ಪ್ರಕಟವಾಯಿತು. ಮದ್ಯಸಾರ ದೇಹದಲ್ಲಿ ಜೀವಕೋಶಗಳಿಗೆ ಹಾನಿ ಮಾಡುವ ಚುರುಕಾದ ಕಣಗಳನ್ನು ಹೆಚ್ಚಿಸುತ್ತದೆ. ಅವುಗಳನ್ನು ಅಡಗಿಸುವ ಕಿಣ್ವಗಳು ಜಠರ ಮತ್ತು ಕರುಳಿನ ಒಳಪದರದಲ್ಲಿವೆ. ಮದ್ಯಸಾರದಿಂದ ಈ ಕಿಣ್ವಗಳ ಕೆಲಸ ಕುಗ್ಗುತ್ತದೆ. ಮಸಾಲೆ ತಿಂದ ಇಲಿಗಳಲ್ಲಿ ಈ ಕುಗ್ಗುವಿಕೆ ಕಡಿಮೆಯಾಗಿತ್ತು. ಲೋಳೆಯನ್ನು ಗಟ್ಟಿಯಾಗಿಡುವ ವಸ್ತುಗಳೂ ಉತ್ತಮವಾಗಿದ್ದವು. ಒಳಪದರದ ಗಾಯ ಕಡಿಮೆಯಾಗಿತ್ತು. ಅಂದರೆ ಮಸಾಲೆ ಕಾವಲನ್ನು ಮುರಿಯಲಿಲ್ಲ, ಗಟ್ಟಿಮಾಡಿತು!

ಇದೇ ಸಂಶೋಧನಾಲಯದ ಶೈಲಜಾ ಧರ್ಮೇಶ್ ಮತ್ತು ಸಂಗಡಿಗರು 2007ರಲ್ಲಿ ಮಾಗಳಿ ಬೇರು ಹಾಗೂ ಶುಂಠಿಯ ಮೇಲೆ ಮಾಡಿದ ಅಧ್ಯಯನಗಳನ್ನು ಪ್ರಕಟಿಸಿದ್ದರು. ಮಾಗಳಿ ಬೇರು ಎಂದರೆ ಮೈಸೂರು ಕಡೆ ಉಪ್ಪಿನಕಾಯಿ ಹಾಕುವ ಸುವಾಸನೆಯ ಬೇರು. ಅದರಿಂದ ಬೇರ್ಪಡಿಸಿದ ವಸ್ತು ಇಲಿಗಳಲ್ಲಿ ಹುಣ್ಣನ್ನು ಕಡಿಮೆ ಮಾಡಿತು. ಪ್ರನಾಳದಲ್ಲಿ ಹೆಲಿಕೋಬ್ಯಾಕ್ಟರ್ ಬೆಳೆಯುವುದನ್ನೂ ತಡೆಯಿತು.

ಹಾಗಾದರೆ ಬಾಯಿ ಏಕೆ ಉರಿಯುತ್ತದೆ?

ಮೆಣಸಿನಕಾಯಿ ಕಚ್ಚಿದಾಗ ಬಾಯಿ ನಿಜವಾಗಿ ಸುಡುವುದಿಲ್ಲ. ಬಿಸಿಯನ್ನು ಗುರುತಿಸುವ ಒಂದು ಬಾಗಿಲು ನಮ್ಮ ನರಗಳಲ್ಲಿದೆ. ಕ್ಯಾಪ್ಸೈಸಿನ್ ಆ ಬಾಗಿಲನ್ನು ತೆರೆಯುತ್ತದೆ. ಮಿದುಳಿಗೆ ‘ಬೆಂಕಿ!’ ಎಂಬ ಸುದ್ದಿ ಹೋಗುತ್ತದೆ. ಈ ಬಾಗಿಲನ್ನು 1997ರಲ್ಲಿ ಗುರುತಿಸಿದ ಅಮೆರಿಕದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೆಯಾಗಿ ಬಂತು. ಉರಿ ಎಂಬ ಅನುಭವ ಬೇರೆ, ಹುಣ್ಣು ಎಂಬ ಗಾಯ ಬೇರೆ ಎಂದು ಇದರಿಂದ ತಿಳಿಯುತ್ತದೆ.

ಅವಸರದ ತೀರ್ಮಾನ ಬೇಡ

‘ಹಾಗಾದರೆ ದಿನಾ ಹತ್ತು ಮಿರ್ಚಿ ತಿನ್ನಬಹುದು’ ಎಂದು ಕುಣಿಯಬೇಡಿ! ಇಲಿ ಬೇರೆ, ಮನುಷ್ಯ ಬೇರೆ. ಪ್ರಯೋಗದಲ್ಲಿ ಕೊಟ್ಟದ್ದು ಅಳೆದ ಪ್ರಮಾಣ. ಮಿರ್ಚಿಯಲ್ಲಿ ಖಾರದ ಜೊತೆಗೆ ಕರಿದ ಎಣ್ಣೆಯೂ ಇದೆ. ಈಗಾಗಲೇ ಹುಣ್ಣು ಅಥವಾ ಎದೆಯುರಿ ಇರುವವರಿಗೆ ಖಾರದಿಂದ ಸಂಕಟ ಹೆಚ್ಚಬಹುದು. ಅವರು ವೈದ್ಯರ ಮಾತು ಕೇಳಬೇಕು.

1995ರಲ್ಲಿ ಸಿಂಗಪುರದ ವೈದ್ಯರು ಹುಣ್ಣು ಇದ್ದ 103 ಮಂದಿಯನ್ನೂ ಹುಣ್ಣು ಇಲ್ಲದ 87 ಮಂದಿಯನ್ನೂ ಹೋಲಿಸಿ ನೋಡಿದರು. ಹುಣ್ಣು ಇದ್ದವರು ಮೆಣಸಿನಕಾಯಿ ತಿನ್ನುವುದು ಕಡಿಮೆ ಎಂದು ಕಂಡುಬಂತು. ಖಾರವೇ ಕಾಪಾಡಿತು ಎಂದು ಇಷ್ಟರಿಂದಲೇ ಹೇಳಬಹುದೆ? ಹೊಟ್ಟೆ ನೋಯುವವರು ತಾವಾಗಿಯೇ ಖಾರ ಬಿಡುವುದೂ ಉಂಟಲ್ಲವೆ? ವಿಜ್ಞಾನಿಗಳು ಇಂತಹ ಪ್ರಶ್ನೆಗಳನ್ನು ತಮಗೆ ತಾವೇ ಕೇಳಿಕೊಳ್ಳುತ್ತಾರೆ.

ಇಲಿಗಳಿಗೆ ನೋವಾಗುವುದಿಲ್ಲವೆ?

ಆಗುತ್ತದೆ. ಜಠರವನ್ನು ಪರೀಕ್ಷಿಸಲು ಕೊನೆಯಲ್ಲಿ ಇಲಿಗಳ ಪ್ರಾಣವನ್ನೂ ತೆಗೆಯಬೇಕಾಗುತ್ತದೆ. ಆದ್ದರಿಂದ ಮನಬಂದಂತೆ ಪ್ರಯೋಗ ಮಾಡುವಂತಿಲ್ಲ. ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಇದೆ. ಸಂಸ್ಥೆಯ ನೀತಿ ಸಮಿತಿಯ ಒಪ್ಪಿಗೆ ಬೇಕು. 1959ರಲ್ಲಿ ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳು ಮೂರು ಸೂತ್ರ ಹೇಳಿದರು: ಸಾಧ್ಯವಾದರೆ ಪ್ರಾಣಿಯ ಬದಲು ಬೇರೆ ವಿಧಾನ ಬಳಸಿ, ಬಳಸಲೇಬೇಕಾದರೆ ಸಂಖ್ಯೆ ಕಡಿಮೆ ಮಾಡಿ, ನೋವನ್ನು ಕಡಿಮೆ ಮಾಡಿ. 2014ರಲ್ಲಿ ಅಮೆರಿಕದ ವಿಜ್ಞಾನಿಗಳು ಮನುಷ್ಯರ ಆಕರ ಜೀವಕೋಶಗಳಿಂದ ಕಾಳಿನಷ್ಟು ಸಣ್ಣ ‘ಪುಟ್ಟ ಜಠರ’ಗಳನ್ನು ತಟ್ಟೆಯಲ್ಲಿ ಬೆಳೆಸಿದರು. ಅವುಗಳಲ್ಲಿ ಹೆಲಿಕೋಬ್ಯಾಕ್ಟರ್ ಹೇಗೆ ಹಾನಿ ಮಾಡುತ್ತದೆ ಎಂದೂ ನೋಡಿದರು. ಮುಂದೆ ಇಲಿಗಳ ಅಗತ್ಯ ಕಡಿಮೆಯಾಗಲು ಇದು ಒಂದು ದಾರಿ.

ನಾವು ಏನು ಮಾಡಬಹುದು?

ಭತ್ತದ ನಾಟಿಯ ದಿನಗಳಲ್ಲಿ ಗದ್ದೆಯಲ್ಲಿ ಬಗ್ಗಿ ದುಡಿದವರಿಗೆ ಸಂಜೆ ಸೊಂಟ ಹಿಡಿಯುತ್ತದೆ. ಅಂಗಡಿಯಿಂದ ಒಂದು ನೋವಿನ ಗುಳಿಗೆ ತಂದು ನುಂಗಿ ಮಲಗುವವರಿದ್ದಾರೆ. ಮಂಡಿನೋವಿನ ಅಜ್ಜಿಯರು ತಿಂಗಳುಗಟ್ಟಲೆ ನುಂಗುವುದೂ ಉಂಟು. ಬರಿ ಹೊಟ್ಟೆಯಲ್ಲಿ ನುಂಗಿದರೆ ತೊಂದರೆ ಹೆಚ್ಚು. ಊಟವಾದ ಮೇಲೆ ನುಂಗಿದರೂ ಪೂರ್ತಿ ರಕ್ಷಣೆ ಇಲ್ಲ. ಏಕೆಂದರೆ ಮಾತ್ರೆ ರಕ್ತಕ್ಕೆ ಸೇರಿದ ಮೇಲೂ ಜಠರದ ಮೇಸ್ತ್ರಿಯನ್ನು ತಡೆಯುತ್ತದೆ. ಮನೆಯಲ್ಲಿ ಯಾರಾದರೂ ಹೀಗೆ ಮಾಡುತ್ತಿದ್ದರೆ ‘ಅಜ್ಜೀ, ಡಾಕ್ಟರನ್ನ ಕೇಳದ ದಿನಾ ಗುಳಿಗಿ ತಗೋಬ್ಯಾಡ, ಉಪವಾಸ ಇದ್ದಾಗಂತೂ ಬ್ಯಾಡ’ ಎಂದು ನೀವೇ ಹೇಳಿ. ಹೃದಯದ ಕಾಯಿಲೆಗೆ ವೈದ್ಯರೇ ಬರೆದುಕೊಟ್ಟ ಮಾತ್ರೆಯನ್ನು ಮಾತ್ರ ತಾವಾಗಿಯೇ ನಿಲ್ಲಿಸಬಾರದು, ವೈದ್ಯರನ್ನು ಕೇಳಿಯೇ ಬದಲಿಸಬೇಕು.

ಈ ಲಕ್ಷಣಗಳನ್ನು ನೆನಪಿಡಿ: ಮಲವು ಡಾಂಬರಿನಂತೆ ಕಪ್ಪಾಗಿ ಅಂಟಂಟಾಗುವುದು, ವಾಂತಿಯಲ್ಲಿ ರಕ್ತ ಅಥವಾ ಕಾಫಿ ಪುಡಿಯಂತಹ ಕಪ್ಪು ಚೂರು ಕಾಣುವುದು, ಇದ್ದಕ್ಕಿದ್ದಂತೆ ತಡೆಯಲಾರದ ಹೊಟ್ಟೆನೋವು. ಇವು ಹುಣ್ಣಿನಿಂದ ರಕ್ತ ಸೋರುತ್ತಿರುವ ಅಥವಾ ಜಠರಕ್ಕೆ ತೂತು ಬಿದ್ದಿರುವ ಗುರುತಾಗಿರಬಹುದು. ಮನೆಮದ್ದು ಮಾಡುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. 108ಕ್ಕೆ ಕರೆ ಮಾಡಿ. ತಡ ಮಾಡದಿದ್ದರೆ ಜೀವ ಉಳಿಯುತ್ತದೆ.

ನಿಮ್ಮ ಪಾಲಿನ ಕೆಲಸವೂ ಇದೆ. ಹೆಲಿಕೋಬ್ಯಾಕ್ಟರ್ ಹೆಚ್ಚಾಗಿ ಚಿಕ್ಕ ವಯಸ್ಸಿನಲ್ಲಿಯೇ ದೇಹವನ್ನು ಸೇರುತ್ತದೆ. ಶೌಚದ ನಂತರ ಮತ್ತು ಊಟಕ್ಕೆ ಮೊದಲು ಸಾಬೂನಿನಿಂದ ಕೈ ತೊಳೆಯಿರಿ. ಶುದ್ಧ ನೀರು ಕುಡಿಯಿರಿ. ಹಗಲಿರುಳು ದುಡಿಯುವ ಐದು ಕಾವಲುಗಾರರಿಗೆ ನೀವು ಮಾಡಬಹುದಾದ ಸಹಾಯ ಇದು.

ಯೋಚಿಸಿ ಉತ್ತರಿಸಿ

1. ಜಠರದ ಐದು ಕಾವಲುಗಾರರನ್ನು ಹೆಸರಿಸಿ. ಅವರಿಗೆ ಸೂಚನೆ ಕೊಡುವವರು ಯಾರು?
2. ನೋವಿನ ಮಾತ್ರೆ ನೋವನ್ನು ಕಡಿಮೆ ಮಾಡಿದರೂ ಜಠರಕ್ಕೆ ಏಕೆ ಹಾನಿ ಮಾಡಬಹುದು?
3. ಮೈಸೂರಿನ ಪ್ರಯೋಗದಲ್ಲಿ ಮಸಾಲೆ ಇಲ್ಲದ ಆಹಾರ ತಿಂದ ಗುಂಪು ಇಲ್ಲದಿದ್ದರೆ ಏನಾಗುತ್ತಿತ್ತು?
4. ಮೊಟ್ಟೆ ಸಿಪ್ಪೆಯ ಪ್ರಯೋಗವನ್ನು ತುಪ್ಪದ ಬದಲು ಬೆಂಡೆಕಾಯಿಯ ಲೋಳೆ ಸವರಿ ಮಾಡಿ. ಎರಡು ಫಲಿತಾಂಶಗಳನ್ನು ಹೋಲಿಸಿ ತರಗತಿಯಲ್ಲಿ ಚರ್ಚಿಸಿ.